ಹಗಲು ಕಲ್ಲು, ರಾತ್ರಿ ಪರದೆ

ಮೊಸಳೆ ಎಂಬ ಊರಿನ ನಾಗೇಶ್ವರನ ಗುಡಿಯೊಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಹೊರಗೆ ಆಶ್ವಯುಜದ ಬಿಸಿಲು ಹುಲ್ಲಿನ ಮೇಲೆ ಮೈಚೆಲ್ಲಿ ಬಿದ್ದಿದೆ. ಹೊಸ್ತಿಲು ದಾಟಿ ಎರಡು ಹೆಜ್ಜೆ ಬಂದರೆ ನಡುರಾತ್ರಿ. ಅಲ್ಲಾಡಬೇಡಿ. ಹಾಗೇ ನಿಂತರೆ ಮೊದಲು ಕಂಬಗಳ ಅಂಚು ಕಾಣುತ್ತದೆ, ಆಮೇಲೆ ಅವುಗಳ ಮೈಮೇಲಿನ ಬಳೆ ಬಳೆಯಾದ ಸುತ್ತುಗಳು, ಕೊನೆಗೆ ಬಾಗಿಲವಾಡದ ಬಳ್ಳಿ. ನಡುವಿನ ನಾಲ್ಕು ಕಂಬಗಳಲ್ಲಿ ಒಂದನ್ನು ಮುಟ್ಟಿ ನೋಡಿ. ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿ ತಾಗುತ್ತ ಗಟ್ಟಿಯಾಗುವ ಜಾತಿ. ಅದನ್ನು ತಿರುಗಣೆಗೆ ಕೊಟ್ಟು ಕಡೆದಿದ್ದಾರೆ. ಎಂಟುನೂರು ವರ್ಷದ ಮೇಲೂ ಬೆರಳು ಜಾರುತ್ತದೆ.

ಮೊಬೈಲಿನ ಬೆಳಕನ್ನು ನೆಟ್ಟಗೆ ಮೇಲಕ್ಕೆ ಬಿಟ್ಟರೆ ಚಾವಣಿಯ ಭುವನೇಶ್ವರಿ ಚಪ್ಪಟೆಯಾಗಿ ಕಾಣುತ್ತದೆ. ಬೆಳಕನ್ನು ನೆಲದ ಹತ್ತಿರಕ್ಕೆ ಇಳಿಸಿ ಓರೆಯಾಗಿ ಹಿಡಿಯಿರಿ. ಈಗ ಒಂದು ಸುತ್ತಿನೊಳಗೆ ಇನ್ನೊಂದು ಸುತ್ತು ಆಳವಾಗಿ ತೆರೆದುಕೊಳ್ಳುತ್ತದೆ, ನಡುವಿನ ಮೊಗ್ಗು ಕೆಳಕ್ಕೆ ತೂಗುತ್ತದೆ. ಎಣ್ಣೆದೀಪ ಇರುತ್ತಿದ್ದುದೂ ಸುಮಾರು ಇದೇ ಎತ್ತರದಲ್ಲಿ. ಈ ಕೋಣೆಯನ್ನು ಹಗಲಿಗೆಂದು ಕಟ್ಟಿಲ್ಲ ಎಂಬ ಅನುಮಾನ ಬರುವುದು ಆಗ.

ಮೊಸಳೆಯ ಹೆಸರನ್ನು ನೀವು ಮೊದಲು ಗಂಭೀರವಾಗಿ ಓದಿದ್ದು ಕಾರ್ಡಿಫ್‌ನಲ್ಲಿ. ನಾಚಿಕೆಯ ಮಾತಲ್ಲ, ನಮ್ಮ ಕಾಲದ ರೂಢಿ ಅದು. ಅಮ್ಮನ ತೌರು ಹೊಳೆನರಸೀಪುರ. ಹಾಸನದಿಂದ ಅಲ್ಲಿಗೆ ಹೋಗುವ ಬಸ್ಸು ಈ ಊರಿನ ತಿರುವನ್ನು ದಾಟಿಕೊಂಡೇ ಹೋಗುತ್ತದೆ, ಹಾಸನ ಬಿಟ್ಟು ಹತ್ತು ಹನ್ನೆರಡು ಕಿಲೋಮೀಟರು. ಬೇಸಿಗೆ ರಜೆಯಲ್ಲಿ ಎಷ್ಟು ಸಲ ದಾಟಿದರೂ ಇಳಿದಿರಲಿಲ್ಲ. ಸಮುದ್ರದಾಚೆಯ ಬ್ಯೂಟ್ ಬಿಲ್ಡಿಂಗ್‌ನಲ್ಲಿ, ವೆಲ್ಷ್ ಸ್ಕೂಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ, ಆಡಂ ಹಾರ್ಡಿಯವರ 1995ರ ದಪ್ಪ ಪುಸ್ತಕ ಬಿಡಿಸಿದಾಗ ಮನೆಯ ದಾರಿಯೇ ಎದುರಿಗೆ ಬಂತು. ಕರ್ಣಾಟ ದ್ರಾವಿಡ ಶೈಲಿಯ ಗುಡಿಗಳನ್ನು ಅವರು ಓದುವ ಬಗೆ ಹೀಗೆ: ಗೋಡೆಯ ಮೇಲಿರುವುದು ಅಲಂಕಾರವಲ್ಲ, ಪುಟ್ಟ ಪುಟ್ಟ ಗುಡಿಗಳು. ಒಂದು ಗುಡಿಯ ಮೈಯಿಂದ ಇನ್ನೊಂದು, ಅದರ ಮೈಯಿಂದ ಮತ್ತೊಂದು ಹೊರಗೆ ಚಿಮ್ಮುತ್ತಿರುವ ಹಾಗೆ ಇಡೀ ವಿಮಾನವನ್ನು ಕಟ್ಟಿದ್ದಾರೆ. ಇದಕ್ಕೂ ಮುಂಚೆ ಡಚ್ಚರ ಜೆರಾರ್ಡ್ ಫೋಕೆಮಾ ಹೊಯ್ಸಳ ಗುಡಿಗಳನ್ನು ಊರೂರು ತಿರುಗಿ ನೋಡಿ ಪುಸ್ತಕ ಮಾಡಿದ್ದರು. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ. ಮೊಸಳೆಗೆ ಆ ಗದ್ದಲವಿಲ್ಲ. ಬೆಳಿಗ್ಗೆಯಿಂದ ಬಂದವರೆಂದರೆ ಹೊಸದಾಗಿ ಮದುವೆಯಾದ ಒಂದು ಜೋಡಿ, ಅವರ ಫೋಟೋಗ್ರಾಫರು, ಒಂದು ಮೇಕೆ.

ಅಂಗಳದಲ್ಲಿ ಎರಡು ಗುಡಿಗಳು ಪಕ್ಕಪಕ್ಕ ನಿಂತಿವೆ. ಒಂದು ನಾಗೇಶ್ವರನದು, ಇನ್ನೊಂದು ಚೆನ್ನಕೇಶವನದು. ಸುಮಾರು 1200ರ ಹೊತ್ತಿನವು, ಇಮ್ಮಡಿ ಬಲ್ಲಾಳನ ಕಾಲ. ಎರಡೂ ಒಂದೇ ಅಚ್ಚು ಎಂದು ಎಲ್ಲರೂ ಬರೆಯುತ್ತಾರೆ. ನಿಮ್ಮ ಕೆಲಸ ಎಷ್ಟು ಒಂದೇ ಎಂದು ನೋಡುವುದು. ಟೇಪಿನ ಸೊನ್ನೆಯ ತುದಿ ಮಾವನ ಮಗನ ಕೈಯಲ್ಲಿದೆ. ಬಿ.ಕಾಂ. ಓದುವ ಹುಡುಗ, ದಿನಕ್ಕೊಂದು ಚಿಕನ್ ಬಿರಿಯಾನಿಯ ಕರಾರಿನ ಮೇಲೆ ಬಂದಿದ್ದಾನೆ. ಲೇಸರ್ ಮಾಪಕವೂ ಇದೆ, ಆದರೆ ಗೋಡೆ ಹೊರಗೆ ಚಾಚಿ ಒಳಗೆ ಮಡಿಸಿ ಮತ್ತೆ ಚಾಚುವ ಕಡೆ ಅದರ ಕೆಂಪು ಚುಕ್ಕೆ ಎಲ್ಲಿ ಬಿತ್ತೆಂದೇ ತಿಳಿಯದು. ಗಾರೆ ಕೆಲಸದವರ ತೂಗುಗುಂಡು, ರಸಮಟ್ಟ, ಮೂಲೆಮಟ್ಟ ಇವೇ ಗತಿ. ಹಾಸನದ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡದ್ದು.

“ಅಕ್ಕಾ, ನಲವತ್ತೇಳೂವರೆ.”

“ಆಗ ನಲವತ್ತೆಂಟು ಅಂದೆ.”

“ಆಗ ನೀನು ಟೇಪ್ ಎಳೆದಿದ್ದೆ.”

ವ್ಯತ್ಯಾಸ ಶಿಲ್ಪಿಯದೋ ಬಿ.ಕಾಂ.ನದೋ ತೀರ್ಮಾನವಾಗುವುದಿಲ್ಲ. ಎರಡನ್ನೂ ಬರೆದುಕೊಳ್ಳುತ್ತೀರಿ. ಅಳತೆಯ ಕೆಲಸವೆಂದರೆ ಮುಕ್ಕಾಲು ಪಾಲು ಇದೇ. ಭಾರತದ ವಾಸ್ತುಶಿಲ್ಪ ವಿದ್ಯಾರ್ಥಿಗಳ ಸಂಘ ಇಂಥ ಅಳತೆ ಚಿತ್ರಗಳಿಗೆಂದೇ ಲೂಯಿ ಕಾನ್ ಹೆಸರಿನಲ್ಲಿ ಟ್ರೋಫಿ ಇಟ್ಟಿದೆ. ಅದಕ್ಕಾಗಿ ಕಾಲೇಜು ಕಾಲೇಜುಗಳು ಹಳೆಯ ಊರುಗಳಿಗೆ ಮುಗಿಬೀಳುತ್ತವೆ. ಟ್ರೋಫಿ ಗೆದ್ದ ಹಾಳೆಗಳಲ್ಲಿ ಗೆರೆಗಳು ಕೂದಲೆಳೆಯಷ್ಟು ಸಣ್ಣ, ನೆರಳು ನಲವತ್ತೈದು ಡಿಗ್ರಿಯಲ್ಲಿ ಕಡ್ಡಾಯ. ಜನ ಮಾತ್ರ ಇರುವುದಿಲ್ಲ. ಇದ್ದರೂ ಎತ್ತರ ತೋರಿಸಲು ಮೂಲೆಯಲ್ಲೊಬ್ಬ ಮುಖವಿಲ್ಲದ ಮನುಷ್ಯ.

ಸೂರ್ಯ ಇಳಿಯುತ್ತಿದ್ದಂತೆ ಕಾವಲಿನವರು ಬೀಗದ ಕೈ ಅಲ್ಲಾಡಿಸುತ್ತ ಬರುತ್ತಾರೆ. “ಸಾಕು ಬುಡವ್ವ, ಕಲ್ಲು ಎಲ್ಲಿಗೂ ಓಗಕಿಲ್ಲ.” ಪುರಾತತ್ವ ಇಲಾಖೆಯ ನೀಲಿ ಬೋರ್ಡು ಬಿದ್ದ ಕಟ್ಟಡಗಳಿಗೆ ಸಾಮಾನ್ಯವಾಗಿ ರಾತ್ರಿಯಿಲ್ಲ. ಕತ್ತಲಿಗಾಗಿ ಕಟ್ಟಿದ್ದು ಕತ್ತಲಾಗುವ ಹೊತ್ತಿಗೆ ಬೀಗ ಹಾಕಿಸಿಕೊಳ್ಳುತ್ತದೆ.

ಮೊಸಳೆಹೊಸಹಳ್ಳಿಯ ಹೆದ್ದಾರಿ ಬದಿಯಲ್ಲಿ ಟೀ ಕುಡಿಯುತ್ತೀರಿ. 2025ರ ಸೆಪ್ಟೆಂಬರಿನ ರಾತ್ರಿ ಗಣಪತಿ ಬಿಡುವ ಮೆರವಣಿಗೆಗೆ ಲಾರಿ ನುಗ್ಗಿ ಹುಡುಗರು ಸತ್ತದ್ದು ಈ ರಸ್ತೆಯಲ್ಲೇ, ಎಂಜಿನಿಯರಿಂಗ್ ಓದುತ್ತಿದ್ದವರೂ ಅವರಲ್ಲಿದ್ದರು. ಅಂಗಡಿಯವರು ಆ ಮಾತು ಎತ್ತುವುದಿಲ್ಲ, ನೀವೂ ಕೇಳುವುದಿಲ್ಲ. ಆದರೆ ಕಟ್ಟಡದ ಓದು ಓದುವವರು ರಸ್ತೆಯನ್ನು ನೋಡದೆ ಇರಲಾಗದು. ಕುಣಿಯುವುದಕ್ಕೆ ಬೇರೆ ಜಾಗವಿಲ್ಲದ ಊರುಗಳಲ್ಲಿ ರಾತ್ರಿಯ ಚೌಕವೂ ರಸ್ತೆಯೇ, ಲಾರಿಯ ದಾರಿಯೂ ಅದೇ.

ಹೊಳೆನರಸೀಪುರದಲ್ಲಿ ಮಾವ ಜಗುಲಿಯ ಮೇಲೆ ಕಾಯುತ್ತ ಕೂತಿದ್ದಾರೆ. ಹೇಮಾವತಿಯ ಕಡೆಯಿಂದ ತಣ್ಣನೆ ಗಾಳಿ, ಒಳಗಿನಿಂದ ಹುರುಳಿಕಾಳು ಬಸ್ಸಾರಿನ ಒಗ್ಗರಣೆ ಘಾಟು. ಅತ್ತೆ ಮುದ್ದೆ ಕಟ್ಟುವಷ್ಟರಲ್ಲಿ ಮಾವನ ಪ್ರಶ್ನೆ ಶುರು.

“ಅಲ್ಲವ್ವ, ಅಷ್ಟು ದೂರ ಓಗಿ ಓದ್ತಾ ಇದ್ದೀಯ, ಅಲ್ಲಿ ಸಂಜೆ ಮೇಲೆ ಏನ್ ಮಾಡ್ತೀರ?”

ಕ್ಯಾರೊಲಿನ್ ಸ್ಟ್ರೀಟ್ ವಿಷಯ ಹೇಳುತ್ತೀರಿ. ಶನಿವಾರ ರಾತ್ರಿ ಪಬ್ಬುಗಳು ಮುಚ್ಚಿದ ಮೇಲೆ ಕಾರ್ಡಿಫ್ ಊರೇ ಆ ಸಣ್ಣ ಬೀದಿಗೆ ಬರುತ್ತದೆ; ಚಿಪ್ಪಿ ಲೇನ್ ಎಂದೇ ಅದರ ಅಡ್ಡಹೆಸರು. ಬಿಸಿ ಆಲೂಗಡ್ಡೆ ಚಿಪ್ಸಿನ ಮೇಲೆ ಸಾರು ಸುರಿದು ಕೊಡುತ್ತಾರೆ, ನಡುಗುವ ಚಳಿಯಲ್ಲಿ ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ನಗುತ್ತ ನಡೆಯುತ್ತಾರೆ, ನೀವೂ ನಡೆದಿದ್ದೀರಿ, ಚೆನ್ನಾಗಿಯೇ ಇತ್ತು. ಕೊನೆಯದನ್ನು ಮಾವನಿಗೆ ಹೇಳುವುದಿಲ್ಲ.

“ಆಲೂಗಡ್ಡೆ ತಿನ್ನಕೆ ಅಷ್ಟು ದೂರ ಓಗಬೇಕಿತ್ತಾ?” ಹಾಸನದ ರೈತರ ಪ್ರಶ್ನೆ, ಉತ್ತರವಿಲ್ಲ. ಮಾವನ ಮಾತು ಈ ಊರಿನ ಎಲ್ಲ ರಾತ್ರಿ ಮಾತುಗಳಂತೆ ರಾಜಕೀಯಕ್ಕೆ ತಿರುಗಿಯೇ ನಿಲ್ಲುವುದು. ಈ ತಾಲ್ಲೂಕಿನಲ್ಲಿ ಕಟ್ಟಡದ ಓದು ಓದಿ ಎಲ್ಲರಿಗಿಂತ ದೂರ ಹೋದವರು ಯಾರು ಗೊತ್ತೇ ಎನ್ನುತ್ತಾರೆ. ಹರದನಹಳ್ಳಿಯವರು, ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ, ಆಮೇಲೆ ಕಂಟ್ರ್ಯಾಕ್ಟು, 1996ರ ಜೂನ್‌ನಲ್ಲಿ ಪ್ರಧಾನಮಂತ್ರಿ. “ಅವರು ಮುದ್ದೆ ಉಂಡೇ ಓಗಿದ್ದು.” ತಟ್ಟೆಗೆ ಇನ್ನೊಂದು ಮುದ್ದೆ ಬೀಳುತ್ತದೆ.

ಕೈ ತೊಳೆದು ಬರುವಷ್ಟರಲ್ಲಿ ಅತ್ತೆ ರೇಷ್ಮೆ ಸೀರೆ ಉಟ್ಟು ನಿಂತಿದ್ದಾರೆ. ಗಂಟೆ ಹತ್ತೂವರೆ. ಹೊರಡುವುದು ಹಾಸನಾಂಬೆಯ ದರ್ಶನಕ್ಕೆ. ಹಗಲು ಬಿಸಿಲು, ರಾತ್ರಿಯೇ ವಾಸಿ ಎಂಬುದು ಅತ್ತೆಯ ಲೆಕ್ಕ. ಅರ್ಧ ಜಿಲ್ಲೆಯದೂ ಅದೇ ಲೆಕ್ಕ ಎಂದು ಹಾಸನ ತಲುಪಿದ ಮೇಲೆ ತಿಳಿಯುತ್ತದೆ.

ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆರೆದರೆ ಬಲಿಪಾಡ್ಯಮಿ ಮುಗಿದ ಮೇಲೆ ಮತ್ತೆ ಮುಚ್ಚುವುದು, ಮುಂದಿನ ವರ್ಷದ ತನಕ. ಹಚ್ಚಿಟ್ಟ ದೀಪ ಆರದೆ ಇರುತ್ತದೆ ಎನ್ನುವುದು ನಂಬಿಕೆ. ಸಪ್ತಮಾತೃಕೆಯರಲ್ಲಿ ಮೂವರು ಹಾಸನದಲ್ಲಿ ಹುತ್ತದ ರೂಪದಲ್ಲಿ ನೆಲೆಸಿದರು, ಮೂವರು ದೇವಿಗೆರೆಯಲ್ಲಿ, ಒಬ್ಬಳು ಕೆಂಚಮ್ಮನ ಹೊಸಕೋಟೆಯಲ್ಲಿ. ಗರ್ಭಗುಡಿಯ ಮುಂದೆ ನಿಲ್ಲಲು ಸಿಗುವುದು ಎರಡು ಉಸಿರಿನ ಹೊತ್ತು. ಅದಕ್ಕಾಗಿ ನಿಂತಿರುವ ಸಾಲನ್ನು ನೋಡಿ.

ಇದು ಸಾಲಲ್ಲ, ಕಟ್ಟಡ. ಉದ್ದ ಕಿಲೋಮೀಟರಿನಲ್ಲಿ, ಅಗಲ ಅಡಿಯಲ್ಲಿ. ಸರ್ವೆ ಗಳ, ಕಬ್ಬಿಣದ ಪೈಪು, ತಲೆ ಮೇಲೆ ತಗಡು, ಕೆಲವು ಕಡೆ ಎಲ್ಲರೂ ಜರ್ಮನ್ ಟೆಂಟ್ ಎಂದು ಕರೆಯುವ ಬಿಳಿ ಡೇರೆ. ಧರ್ಮದರ್ಶನಕ್ಕೆ ಒಂದು ಓಣಿ, 300 ರೂಪಾಯಿಯವರಿಗೆ ಇನ್ನೊಂದು, 1000 ರೂಪಾಯಿಯವರಿಗೆ ಮತ್ತೊಂದು. ಮೂರೂ ಒಂದರ ಪಕ್ಕ ಒಂದು ಹಾವಿನಂತೆ ಹೊರಳುತ್ತ, ಒಬ್ಬರ ಮುಖ ಒಬ್ಬರಿಗೆ ಕಾಣುವ ಹಾಗೆ ಹೋಗುತ್ತವೆ. ಯಾವ ವಾಸ್ತುಶಿಲ್ಪಿಯೂ ಸಹಿ ಹಾಕದ ಈ ನಕ್ಷೆಯಲ್ಲಿ ಜಾತ್ರೆಯ ಸಮಾಜಶಾಸ್ತ್ರ ಪೂರ್ತಿ ಇದೆ. ಸಾವಿರದ ಓಣಿಯವರು ವೇಗವಾಗಿ ಹೋಗುತ್ತಾರೆ, ಮಾತಾಡುವುದಿಲ್ಲ. ಧರ್ಮದರ್ಶನದ ಓಣಿಯಲ್ಲಿ ಆಗಲೇ ನೆಂಟಸ್ತನ ಕುದುರುತ್ತಿದೆ. ಅರಸೀಕೆರೆಯ ಕಡೆಯ ಒಬ್ಬರು ಅಜ್ಜಿ ಅತ್ತೆಯ ಹತ್ತಿರ ನಿಮ್ಮ ಗೋತ್ರ, ನಕ್ಷತ್ರ, ಸಂಬಳ ಮೂರನ್ನೂ ಅದೇ ಕ್ರಮದಲ್ಲಿ ವಿಚಾರಿಸಿ ಮುಗಿಸಿದ್ದಾರೆ.

ರಾತ್ರಿ ಒಂದು ಗಂಟೆ. ಮುಂದೆ ಹೆಗಲ ಮೇಲೆ ನಿದ್ದೆಹೋದ ಕೂಸು, ಹಿಂದೆ ಡೊಳ್ಳುಹೊಟ್ಟೆಯ ಮಾಸ್ತರು, ಪಕ್ಕದಲ್ಲಿ ನರ್ಸಿಂಗ್ ಓದುವ ಹುಡುಗಿಯರ ಗುಂಪು. ಪೈಪಿನ ಸಂದಿನಿಂದ ಕಾಫಿ ಲೋಟ ಕೈಯಿಂದ ಕೈಗೆ ಬರುತ್ತದೆ, ದುಡ್ಡು ಅದೇ ದಾರಿಯಲ್ಲಿ ವಾಪಸು ಹೋಗುತ್ತದೆ. ಕಾರ್ಡಿಫ್‌ನ ಆ ಬೀದಿಯಲ್ಲಿ ಒಂದು ಗಂಟೆ ರಾತ್ರಿಗೆ ಇದ್ದವರೆಲ್ಲ ಇಪ್ಪತ್ತರ ಆಸುಪಾಸಿನವರು. ಎಪ್ಪತ್ತರ ಒಬ್ಬ ಹೆಂಗಸನ್ನು ಅಲ್ಲಿ ಕಂಡ ನೆನಪಿಲ್ಲ. ಇಲ್ಲಿ ಎಪ್ಪತ್ತರವರೇ ಜಗಳ ಮಾಡಿ ಸಾಲು ಮುಂದಕ್ಕೆ ಸರಿಸುತ್ತಿದ್ದಾರೆ. ಒಂದು ಊರಿನ ರಾತ್ರಿ ಎಷ್ಟು ಚೆನ್ನಾಗಿದೆ ಎಂದು ಅಳೆಯಬೇಕಾದರೆ ಯಾವ ಹಾಡು ಹಾಕಿದ್ದಾರೆ ಎಂದು ನೋಡುವುದಕ್ಕಿಂತ ಎಷ್ಟು ವಯಸ್ಸಿನವರು ಹೊರಗಿದ್ದಾರೆ ಎಂದು ನೋಡುವುದು ಮೇಲು. ಇಂಗ್ಲಿಷಿನಲ್ಲಿ ಥೀಸಿಸ್ ಬರೆಯುವವರು ಇದಕ್ಕೊಂದು ಸೂಚ್ಯಂಕ ಮಾಡಬಹುದು. ನೀವು ಮಾಡದೆ ಇದ್ದರೆ ಒಳ್ಳೆಯದು.

ಗುಡಿಯ ಒಳಗೆ ಒಂದು ಕಲ್ಲಿನ ಕತೆ ಹೇಳುತ್ತಾರೆ. ಅತ್ತೆಯ ಕಾಟ ತಾಳದ ಸೊಸೆಯನ್ನು ದೇವಿ ಕಲ್ಲು ಮಾಡಿದಳು, ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ. ನಿಮ್ಮ ಅತ್ತೆ ಈ ಕತೆಯನ್ನು ಪೂರ್ತಿ ಹೇಳದೆ ಅರ್ಧಕ್ಕೇ ಮುಗಿಸಿ ಪ್ರಸಾದದ ಸಾಲು ಹಿಡಿಯುತ್ತಾರೆ. ಹೊರಗೆ ಬಂದರೆ ಊರಿನ ಮುಖ್ಯ ರಸ್ತೆಗಳ ಮೇಲೆಲ್ಲ ದೀಪದ ಕಮಾನುಗಳು, ನವಿಲು, ಆನೆ, ದೇವಿಯ ಮುಖ. ದರ್ಶನ ಮುಗಿಸಿದವರು ಅದನ್ನು ನೋಡಲೆಂದೇ ಇನ್ನೊಂದು ಸುತ್ತು ಹೊಡೆಯುತ್ತಿದ್ದಾರೆ. ಐಸ್‌ಕ್ರೀಮ್ ಗಾಡಿಗೆ ಬಿಡುವಿಲ್ಲ.

ಅರಕಲಗೂಡಿನಾಚೆ ಮಾವನ ಸ್ನೇಹಿತರೊಬ್ಬರು ಕರೆದಿದ್ದಾರೆ. ಅಲ್ಲಿಗೆ ಹೋಗುವುದು ಗೊರೂರಿನ ಮೇಲೆ. ಶೆಟ್ಟಿಹಳ್ಳಿಯ ಇಗರ್ಜಿ ನೋಡಬೇಕೆಂದು ಒಂದಿಷ್ಟು ಸುತ್ತಿಕೊಂಡು ಹೋಗುತ್ತೀರಿ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಗೊರೂರು ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತದೆ. ಈಗ ಅರ್ಧ ನೀರು. ಚೂಪು ಕಮಾನುಗಳ ಮೇಲ್ಭಾಗ ಮಾತ್ರ ಹೊರಗಿದೆ. ಫೋಟೋ ಎಲ್ಲರೂ ನೋಡಿರುವುದರಿಂದ ಹೆಚ್ಚು ಹೇಳುವುದಿಲ್ಲ. ಗೊರೂರಿನಲ್ಲಿ ಬಸ್ಸು ನಿಂತಾಗ ಮಾತ್ರ ಒಂದು ನೆನಪು: ಈ ಊರಿನ ರಾಮಸ್ವಾಮಿ ಅಯ್ಯಂಗಾರರು ವಯಸ್ಸಾದ ಮೇಲೆ ಅಮೆರಿಕ ನೋಡಿ ಬಂದು ಬರೆದ ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪರದೇಶಕ್ಕೆ ಹೋದ ಹಾಸನದವರಲ್ಲಿ ಊರನ್ನು ಜೇಬಿನಲ್ಲಿಟ್ಟುಕೊಂಡು ಹೋದವರು ಅವರು. ನೀವು ಒಯ್ದದ್ದು ಪ್ರೆಶರ್ ಕುಕ್ಕರು.

ಅರಕಲಗೂಡಿನಾಚೆ, ರಾಮನಾಥಪುರದ ಕಡೆಗೆ ಹೊರಳುತ್ತಿದ್ದಂತೆ ಹೊಲಗಳ ನಡುವೆ ಕಿಟಕಿಯಿಲ್ಲದ ಎತ್ತರದ ಕೋಣೆಗಳು ಕಾಣಲು ಶುರುವಾಗುತ್ತವೆ. ಒಂಟಿ ನಿಂತವು, ಜೋಡಿ ನಿಂತವು. ಹೊಗೆಸೊಪ್ಪಿನ ಬ್ಯಾರನ್‌ಗಳು. ಯಾವ ವಾಸ್ತು ಪುಸ್ತಕದಲ್ಲೂ ಇವುಗಳ ಅಳತೆ ಚಿತ್ರವನ್ನು ನೀವು ಕಂಡಿಲ್ಲ. ರಾಮನಾಥಪುರದಲ್ಲಿ ತಂಬಾಕಿನ ಹರಾಜು ಮಾರುಕಟ್ಟೆ ಇದೆ. ಸುತ್ತಲಿನ ಹಳ್ಳಿಗಳ ವರ್ಷದ ದುಡ್ಡು ಈ ಕೋಣೆಗಳ ಒಳಗೆ ಬಣ್ಣ ಕಟ್ಟುತ್ತದೆ. ಮಾವನ ಆ ಸ್ನೇಹಿತರದು ಕೊನೆಯ ಬೇಯಿಸುವಿಕೆ. “ರಾತ್ರಿ ಬನ್ನಿ, ಹಗಲಲ್ಲಿ ಏನೂ ಕಾಣಾಕಿಲ್ಲ” ಎಂದು ಫೋನಿನಲ್ಲಿ ಹೇಳಿದ್ದರು.

ಹೋದಾಗ ಒಂಬತ್ತು ಗಂಟೆ. ಒಲೆಯ ಬಾಯಿ ಹೊರಗೋಡೆಯಲ್ಲಿದೆ, ಮೊಣಕಾಲಿನ ಮಟ್ಟಕ್ಕೆ. ಒಳಗೆ ಮರದ ದಿಮ್ಮಿ ಕೆಂಡವಾಗಿ ಕೂತಿದೆ. ಅದರ ಎದುರು ಮಂಚ, ಮಂಚದ ಮೇಲೆ ಕಂಬಳಿ, ಕಂಬಳಿಯ ಮೇಲೆ ರೇಡಿಯೋದಷ್ಟೇ ಜೋರಾಗಿ ಹಾಡುವ ಮೊಬೈಲು. ಬ್ಯಾರನ್‌ನ ಅಣ್ಣ ಎದ್ದು ಗೋಡೆಯ ಗಾಜಿನ ಕಿಂಡಿಗೆ ಟಾರ್ಚ್ ಹಿಡಿಯುತ್ತಾರೆ.

“ಇಲ್ಲಿಂದ ನೋಡವ್ವ.”

ಕಣ್ಣಿಟ್ಟು ನೋಡಿ. ನೆಲದಿಂದ ಮಾಡಿನ ತನಕ ಅಡ್ಡ ಗಳುಗಳ ಮೆಟ್ಟಿಲು, ಪ್ರತಿ ಮೆಟ್ಟಿಲಿನಲ್ಲಿ ಕಡ್ಡಿಗೆ ಕಟ್ಟಿದ ಎಲೆಗಳು ಬಾವಲಿಯಂತೆ ತಲೆಕೆಳಗಾಗಿ ತೂಗುತ್ತಿವೆ. ಕೆಳಗೆ ತಗಡಿನ ದಪ್ಪ ಕೊಳವೆ ಕೋಣೆಯನ್ನು ಸುತ್ತಿ ಹೊರಗೆ ಹೋಗಿದೆ. ಬೆಂಕಿಯ ಬಿಸಿ ಒಳಗೆ, ಹೊಗೆ ಹೊರಗೆ. ಹೊಗೆಸೊಪ್ಪು ಎಂದು ಹೆಸರು, ಆದರೆ ಹೊಗೆ ಎಲೆಗೆ ತಾಗಿದರೆ ಸೊಪ್ಪು ಕೆಟ್ಟಿತು. ಮೊದಲು ಸಣ್ಣ ಕಾವು, ಎಲೆ ಹಸಿರು ಬಿಟ್ಟು ಹಳದಿಗೆ ಬರಬೇಕು. ಆಮೇಲೆ ಮೇಲಿನ ಕಿಂಡಿ ತೆರೆದು ನೀರಾವಿ ಬಿಡಬೇಕು. ಎಲೆ ಒಣಗಿ ಕೊನೆಗೆ ನಡುವಿನ ದಂಟು ಒಣಗುವ ಹೊತ್ತಿಗೆ ಥರ್ಮಾಮೀಟರು 160 ಡಿಗ್ರಿ ಫ್ಯಾರನ್‌ಹೀಟ್. ಐದಾರು ದಿನ, ರಾತ್ರಿ ಹಗಲು ಒಬ್ಬರು ಎಚ್ಚರವಿರಲೇಬೇಕು. ಕಾವು ಒಮ್ಮೆಲೇ ಏರಿದರೆ ಎಲೆ ಕಂದುತ್ತದೆ, ಕಂದಿದರೆ ಹರಾಜಿನಲ್ಲಿ ಗ್ರೇಡು ಹೋಗುತ್ತದೆ.

ಬಿಸಿ, ಬೆಳಕು, ಗಾಳಿಯ ಹರಿವು ಇವನ್ನು ಲೆಕ್ಕ ಹಾಕಲು ಕಾರ್ಡಿಫ್‌ನಲ್ಲಿ ನಿಮಗೆ ಒಂದು ಸಾಫ್ಟ್‌ವೇರ್ ಕಲಿಸಿದ್ದಾರೆ. ಅಣ್ಣ ಗೋಡೆಗೆ ಅಂಗೈ ಇಟ್ಟು ನೋಡುತ್ತಾರೆ, ಮೇಲಿನ ಕಿಂಡಿಯ ಹಗ್ಗವನ್ನು ಒಂದು ಗೇಣು ಸಡಿಲಿಸುತ್ತಾರೆ, ವಾಪಸು ಬಂದು ಕೂರುತ್ತಾರೆ. ಅಕ್ಕಪಕ್ಕದ ಬ್ಯಾರನ್‌ಗಳವರೂ ಬರುತ್ತಾರೆ. ಕೆಂಡದಲ್ಲಿ ಗೆಣಸು ಹೂತಿದ್ದಾರೆ. ಇಸ್ಪೀಟು ನಡೆಯುತ್ತದೆ, ದುಡ್ಡಿಗಲ್ಲ ಎಂದು ನಿಮಗೆ ಕೇಳುವಂತೆ ಒಬ್ಬರು ಎರಡು ಸಲ ಹೇಳುತ್ತಾರೆ. ಸೌದೆ ಸಿಗುತ್ತಿಲ್ಲ, ಬೆಲೆ ಏರಿದೆ, ಈ ಬೆಳೆಯನ್ನು ಬಿಡಬೇಕೆಂದು ಸರ್ಕಾರ ಹೇಳುತ್ತದೆ, ಬಿಟ್ಟು ಏನು ಬೆಳೆಯುವುದೆಂದು ಹೇಳುವುದಿಲ್ಲ. ಮಾತು ಅಲ್ಲಿಂದ ಮಕ್ಕಳ ಮದುವೆಗೆ, ಮದುವೆಯಿಂದ ಊರಿನ ನಾಟಕಕ್ಕೆ ಹೋಗುತ್ತದೆ. ಸೊಪ್ಪು ಮಾರಿದ ದುಡ್ಡು ಕೈಗೆ ಬಂದ ಮೇಲೆ ತಾನೇ ನಾಟಕ? ಹೋದ ಸಲ ಈ ಅಣ್ಣನದೇ ಶಕುನಿ ಪಾತ್ರ. ಸೌದೆ ಚೂರನ್ನು ದಾಳದಂತೆ ಉಜ್ಜಿ, ಕಣ್ಣು ಕಿರಿದು ಮಾಡಿ ಒಂದು ನಗು ನಗುತ್ತಾರೆ. ಇಸ್ಪೀಟಿನವರು ಎಲೆ ಕೆಳಗಿಟ್ಟು ಚಪ್ಪಾಳೆ ಹೊಡೆಯುತ್ತಾರೆ.

ನಾಟಕ ನೋಡುವುದಾದರೆ ಚನ್ನರಾಯಪಟ್ಟಣದ ಕಡೆ ಹೋಗಿ ಎಂದವರೂ ಅವರೇ.

ಆ ಕಡೆ ಹೋಗಲು ನಿಮಗೆ ಹಗಲಿನ ನೆಪವೂ ಇದೆ. ನುಗ್ಗೇಹಳ್ಳಿ ಆ ತಾಲ್ಲೂಕಿನದು. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ಗುಡಿಯ ಗೋಡೆಯಲ್ಲಿ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೊರೆದಿದ್ದಾರೆ: ಒಂದು ಮಗ್ಗುಲಿನಲ್ಲಿ ಬೈಚೋಜ, ಇನ್ನೊಂದರಲ್ಲಿ ಮಲ್ಲಿತಮ್ಮ. ಈ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲೂ ಸಿಗುತ್ತದೆ. ಊರಿಂದೂರಿಗೆ ಉಳಿ ಹೊತ್ತು ಹೋದ ಮನುಷ್ಯ. ಎಲ್ಲಿ ಮಲಗುತ್ತಿದ್ದ, ರಾತ್ರಿ ಏನು ಮಾಡುತ್ತಿದ್ದ, ಶಾಸನಗಳು ಹೇಳುವುದಿಲ್ಲ. ಬಿಡಾರ ಇದ್ದಿರಲೇಬೇಕು, ಕಲ್ಲು ಮೇಲೇರಿಸಲು ಮರದ ಅಟ್ಟಣೆ ಇದ್ದಿರಲೇಬೇಕು. ಗುಡಿ ಉಳಿಯಿತು, ಗುಡಿ ಕಟ್ಟಿದ ಕಟ್ಟಡ ಹೋಯಿತು. ಶ್ರವಣಬೆಳಗೊಳವೂ ಇದೇ ತಾಲ್ಲೂಕು. 981ರಲ್ಲಿ ಚಾವುಂಡರಾಯ ನಿಲ್ಲಿಸಿದ ಗೊಮ್ಮಟನ ಎತ್ತರ 58 ಅಡಿ ಎಂದು ಮಕ್ಕಳೂ ಹೇಳುತ್ತವೆ. ಆದರೆ ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕಕ್ಕೆ ಆ ತಲೆಯ ಮೇಲೇರುವ ಅಟ್ಟಣಿಗೆಯ ಎತ್ತರವನ್ನು ಯಾರೂ ಬಾಯಿಪಾಠ ಮಾಡುವುದಿಲ್ಲ. 2018ರಲ್ಲಿ ಅದನ್ನು ಕಬ್ಬಿಣದಲ್ಲಿ ಕಟ್ಟಿದ್ದರು, ಜರ್ಮನ್ ತಂತ್ರಜ್ಞಾನ ಎಂದು ಪತ್ರಿಕೆಗಳು ಬರೆದವು. ನಮ್ಮ ಜಿಲ್ಲೆಯಲ್ಲಿ ಬಿಚ್ಚಿ ಕಟ್ಟುವ ಕಟ್ಟಡಕ್ಕೆಲ್ಲ ಜರ್ಮನಿಯ ಹೆಸರು ಯಾಕೆ ಅಂಟುತ್ತದೋ. ಅದಕ್ಕೂ ಮೊದಲಿನ ಶತಮಾನಗಳಲ್ಲಿ ಗಳ, ಹಗ್ಗ, ಏರುವ ಧೈರ್ಯ.

ಚನ್ನರಾಯಪಟ್ಟಣದಿಂದ ಆಚೆ ಒಂದು ಹಳ್ಳಿ. ಊರಬಾಗಿಲಿನಲ್ಲೇ ಫ್ಲೆಕ್ಸು: ‘ಕುರುಕ್ಷೇತ್ರ ಅಥವಾ ಶ್ರೀಕೃಷ್ಣ ಸಂಧಾನ’. ದುರ್ಯೋಧನ ಲೈನ್‌ಮನ್, ಕೃಷ್ಣ ಡೇರಿ ಕಾರ್ಯದರ್ಶಿ, ಭೀಮ ಬಸ್ ಕಂಡಕ್ಟರು. ಎಲ್ಲರೂ ಕಪ್ಪು ಕನ್ನಡಕ ಹಾಕಿಕೊಂಡು ಫೋಟೋ ಹಿಡಿಸಿಕೊಂಡಿದ್ದಾರೆ. ಪಾತ್ರಕ್ಕಿಷ್ಟು ಎಂದು ತಾವೇ ದುಡ್ಡು ಹಾಕಬೇಕು, ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪದ ಕಲಿಸಿದ್ದಾರೆ. ದ್ರೌಪದಿ, ಕುಂತಿ, ಉತ್ತರೆಯ ಪಾತ್ರಗಳಿಗೆ ಮಾತ್ರ ಕಲಾವಿದೆಯರನ್ನು ಹೊರಗಿನಿಂದ ಕರೆಸುವುದು.

ನೀವು ಬೇಗ ಬಂದದ್ದು ರಂಗ ಕಟ್ಟುವುದನ್ನು ನೋಡಲು. ಸೀನರಿಯವರ ಟೆಂಪೊ ಮೂರು ಗಂಟೆಗೆ ಬಂತು. ಪೀಪಾಯಿಗಳ ಮೇಲೆ ಹಲಗೆ, ಹಲಗೆಯ ಮೇಲೆ ಜಮಖಾನ. ಮುಂದೆ ಎರಡು ದಪ್ಪ ಗಳ, ಮೇಲೊಂದು ಅಡ್ಡಗಳ, ಅದರಿಂದ ಹಿಂದಕ್ಕೆ ಹಗ್ಗಗಳ ಜಾಲ. ಮೊಳೆ ಬಹಳ ಕಡಿಮೆ, ಎಲ್ಲ ಗಂಟು, ಬೆಳಿಗ್ಗೆ ಬಿಚ್ಚಬೇಕಲ್ಲ. ಸೀನರಿಯ ಯಜಮಾನರು ಲುಂಗಿ ಎತ್ತಿ ಕಟ್ಟಿಕೊಂಡು ಕೆಳಗಿನಿಂದಲೇ ಕಣ್ಣಳತೆಯಲ್ಲಿ “ಎಡಕ್ಕೆ ಒಂದ್ ಗೇಣು” ಎಂದು ಕೂಗುತ್ತಾರೆ. ನೀವು ರಸಮಟ್ಟ ಕೊಡಲೇ ಎನ್ನುತ್ತೀರಿ. ಅವರು ಅದನ್ನು ತಿರುಗಿಸಿ ನೋಡಿ, ಅಡ್ಡಗಳದ ಮೇಲಿಟ್ಟು, ಗುಳ್ಳೆ ನಡುವಿಗೆ ಬಂದು ನಿಂತದ್ದನ್ನು ನಿಮಗೇ ತೋರಿಸಿ ವಾಪಸು ಕೊಡುತ್ತಾರೆ.

ಪರದೆಗಳು ಇಳಿಯುತ್ತವೆ: ಬೀದಿ, ಕಾಡು, ಉದ್ಯಾನ, ದರ್ಬಾರು. ದರ್ಬಾರಿನ ಪರದೆ ನೋಡಿ ನೀವು ನಿಂತುಬಿಡುತ್ತೀರಿ. ಕಪ್ಪು ಬಿಳಿ ಚೌಕಗಳ ನೆಲ, ಎರಡೂ ಬದಿಗೆ ಕಂಬಗಳ ಸಾಲು, ಎಲ್ಲ ಗೆರೆಗಳೂ ದೂರದ ಒಂದೇ ಬಿಂದುವಿಗೆ ಓಡುತ್ತಿವೆ. ಇಟಲಿಯ ರಂಗಮಂದಿರಗಳ ಪರ್ಸ್‌ಪೆಕ್ಟಿವ್. ಅದು ಪಾರ್ಸಿ ಕಂಪನಿಗಳ ಪರದೆ ಹಿಡಿದು ಮುಂಬಯಿಯಿಂದ ನಮ್ಮ ಕಂಪನಿ ನಾಟಕಗಳಿಗೆ ಬಂತು, ಗುಬ್ಬಿ ವೀರಣ್ಣನವರಂಥವರ ಕೈಯಲ್ಲಿ ದೊಡ್ಡದಾಯಿತು. ಅವರ ಕುರುಕ್ಷೇತ್ರದಲ್ಲಿ ರಂಗದ ಮೇಲೆ ಜೀವಂತ ಆನೆ ಕುದುರೆಗಳೇ ಬರುತ್ತಿದ್ದವು. ಕಂಪನಿಗಳು ಮುಚ್ಚಿದ ಮೇಲೂ ಪರದೆ ಹಳ್ಳಿಯಲ್ಲಿ ಉಳಿದಿದೆ. ನೀವು ಸಮುದ್ರ ದಾಟಿ ಹೋಗಿ ನೋಡಿದ ಕಂಬಗಳು ಇವು, ಮೇಲೆ ಎಲೆಯ ಕಿರೀಟ ಹೊತ್ತ ಕೊರಿಂಥಿಯನ್ ಕಂಬಗಳು, ಹಸ್ತಿನಾವತಿಯಲ್ಲಿ ಆಗಲೇ ನಿಂತಿವೆ. ಮೊಸಳೆಯ ಕಂಬ ಎಲ್ಲೂ ಇಲ್ಲ. ಗುಡಿ ಎರಡು ಹೋಬಳಿ ಆಚೆ ಇದ್ದರೂ ಪರದೆ ಬರೆಯುವವರಿಗೆ ಅದು ಅರಮನೆಯಂತೆ ಕಂಡಿಲ್ಲ.

ಒಂಬತ್ತಕ್ಕೆ ಗಣಪತಿ ಪ್ರಾರ್ಥನೆ. ಹತ್ತಕ್ಕೆ ಮೈದಾನ ತುಂಬಿದೆ. ಹೆಂಗಸರು ಮುಂದೆ, ಚಾಪೆ, ಕಂಬಳಿ, ಬುತ್ತಿಯ ಸಮೇತ. ಮಕ್ಕಳು ರಂಗದ ಅಂಚಿಗೇ ಗಲ್ಲ ಊರಿವೆ. ಹಿಂದೆ ಬೋಂಡ, ಎಗ್‌ರೈಸು, ಗೋಬಿ ಮಂಚೂರಿಯ ಗಾಡಿಗಳು. ಅವುಗಳ ಹಿಂದಿನ ಕತ್ತಲಲ್ಲಿ ಇನ್ನೊಂದು ವ್ಯಾಪಾರ, ಅಲ್ಲಿಂದ ಬರುವವರ ನಡಿಗೆ ಹೇಳುತ್ತದೆ. ನಿಮಗೂ ಒಂದು ಚಾಪೆಯ ಮೂಲೆ ಸಿಕ್ಕಿದೆ. “ಒಬ್ಬಳೇ ಬಂದಿದ್ದೀಯೇನವ್ವ? ಬಾ, ಈ ಕಡೆ ಒರಗಿಕೊ” ಎಂದು ಯಾರದೋ ತಾಯಿ ತಮ್ಮ ಕಂಬಳಿಯ ಅರ್ಧ ನಿಮ್ಮ ಮೊಣಕಾಲಿಗೆ ಎಳೆದಿದ್ದಾರೆ.

ಪರದೆ ಮೇಲೇಳುತ್ತದೆ. ದುರ್ಯೋಧನ ಗದೆಯೂರಿ ನಿಂತು ಕಂದ ಎತ್ತಿಕೊಂಡರೆ ಹಾರ್ಮೋನಿಯಂ ಅವನನ್ನು ಅಟ್ಟಿಸಿಕೊಂಡು ಹೋಗುತ್ತದೆ. ಉಸಿರು ಎಷ್ಟು ಹೊತ್ತು ನಿಲ್ಲುತ್ತದೆಂದು ಮೈದಾನವೇ ಲೆಕ್ಕ ಹಾಕುತ್ತಿದೆ. ನಿಂತಿತು, ಇನ್ನೂ ನಿಂತಿತು, ಮುಗಿಯಿತು. “ಒನ್ಸ್‌ಮೋರ್!” ಲೈನ್‌ಮನ್ ಮತ್ತೆ ಹಾಡುತ್ತಾನೆ. ನಡುವೆ ಆಟ ನಿಲ್ಲಿಸಿ ಹೆಂಡತಿಯ ಅಣ್ಣ ಬಂದು ನೋಟಿನ ಹಾರ ಹಾಕಿ, ಮೈಕಿನಲ್ಲಿ ಹೆಸರು ಹೇಳಿಸಿಕೊಂಡು ಹೋಗುತ್ತಾನೆ. ಕೌರವೇಶ್ವರ ಹಾರ ತೆಗೆದಿಟ್ಟು ಸಂಧಾನವನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಾನೆ.

ಎರಡು ಗಂಟೆಯ ಮೇಲೆ ಕರ್ಣ ಮತ್ತು ಕುಂತಿ. ಕರ್ಣ ಶಾಲೆಯ ಮೇಷ್ಟ್ರಂತೆ, ಕುಂತಿ ಬೇರೆ ಊರಿನ ಕಲಾವಿದೆ, ಇವತ್ತೇ ಮೊದಲು ಭೇಟಿ. ತಾಯಿ ಎಂದು ಗೊತ್ತಾಗುವ ಕ್ಷಣಕ್ಕೆ ಕಂಬಳಿ ಹಂಚಿಕೊಂಡವರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾರೆ. ಅವರು ಈ ಸೀನನ್ನು ಎಷ್ಟು ಸಲ ನೋಡಿದ್ದಾರೋ. ಗಾಳಿಗೆ ಪರದೆ ಉಬ್ಬಿ ಅರಮನೆಯ ಕಂಬಗಳೆಲ್ಲ ಒಮ್ಮೆ ಹೊಟ್ಟೆ ತುಂಬ ಉಸಿರೆಳೆದು ಬಿಡುತ್ತವೆ. ಮೇಲೊಬ್ಬ ಹುಡುಗ ಅಡ್ಡಗಳದ ಮೇಲೆ ಕಾಲು ಇಳಿಬಿಟ್ಟು ಕೂತು ಹಗ್ಗ ಹಿಡಿದಿದ್ದಾನೆ, ನಿದ್ದೆಗಣ್ಣು. ಮೇಷ್ಟ್ರು ಹಾರ್ಮೋನಿಯಂ ಬಿಡದೆ ಕತ್ತೆತ್ತಿ ಅವನನ್ನು ಗದರುತ್ತಾರೆ, ಪರದೆ ಬೀಳುತ್ತದೆ.

ಬೆಳಗಿನ ಜಾವಕ್ಕೆ ರಥ, ಗೀತೋಪದೇಶ, ವಿಶ್ವರೂಪ. ಸೀರಿಯಲ್ ಸೆಟ್ಟಿನ ಬಲ್ಬುಗಳು ಡೇರಿ ಕಾರ್ಯದರ್ಶಿಯ ತಲೆಯ ಹಿಂದೆ ಗಿರ್ರನೆ ತಿರುಗುತ್ತವೆ, ಮಲಗಿದ್ದ ಮಕ್ಕಳನ್ನು ಎಬ್ಬಿಸಿ ಕೈ ಮುಗಿಸುತ್ತಾರೆ. ಭೀಮನಿಗೆ ಆರೂವರೆಯ ಗಾಡಿಗೆ ಡ್ಯೂಟಿಯಂತೆ, ಆದ್ದರಿಂದ ದುರ್ಯೋಧನನ ತೊಡೆ ಬೇಗ ಮುರಿಯುತ್ತದೆ.

ಜನ ಕಂಬಳಿ ಕೊಡವುವಷ್ಟರಲ್ಲಿ ಸೀನರಿಯವರು ಮೇಲೇರಿದ್ದಾರೆ. ಕಟ್ಟಿದ ಕ್ರಮದ ಉಲ್ಟಾ ಕ್ರಮ. ಅರಮನೆ ಸುರುಳಿಯಾಯಿತು, ಉದ್ಯಾನ ಕಾಡು ಒಂದರೊಳಗೊಂದು ಸುತ್ತಿಕೊಂಡವು. ನೀವು ಪುಸ್ತಕ ತೆಗೆದು ಓಡುತ್ತೀರಿ: ರಂಗದ ಅಗಲ ಎಷ್ಟು, ಆಳ ಎಷ್ಟು, ಮುಂಗಂಬದ ಎತ್ತರ ಎಷ್ಟು? ಯಜಮಾನರು ಬೀಡಿ ಕಿವಿಗೆ ಸಿಕ್ಕಿಸಿಕೊಂಡು ನಿಮ್ಮ ಪುಸ್ತಕ ಇಣುಕುತ್ತಾರೆ.

“ಇದರ ಅಳತೆ ಯಾಕ್ ಬರ್ಕೊತೀರ ಮೇಡಂ? ನಾಳೆ ಊರಲ್ಲಿ ಇಸ್ಕೂಲ್ ಮೈದಾನ ಚಿಕ್ಕದು. ನಾಕಡಿ ಕಮ್ಮಿ ಕಟ್ತೀವಿ.”

“ಪರದೆ ಇದೇ ಅಲ್ವಾ?”

“ಪರದೆ ಮಡಚ್ತೀವಿ. ಎರಡು ಕಂಬ ಒಳಗೋಯ್ತವೆ, ಅಷ್ಟೇಯ.” ಟೆಂಪೊ ಸ್ಟಾರ್ಟ್ ಆಗಿದೆ. ಹಗ್ಗ ಹಿಡಿದಿದ್ದ ಹುಡುಗ ಆಗಲೇ ಸುರುಳಿಗಳ ಮೇಲೆ ಗೊರಕೆ ಹೊಡೆಯುತ್ತಿದ್ದಾನೆ. “ನೋಡಂಗಿದ್ರೆ ಅಲ್ಲಿಗೇ ಬನ್ನಿ. ಮೂರು ಗಂಟೆಗೆ ಕಟ್ಟಕೆ ಶುರು.”

“ಯಾವ ನಾಟಕ?”

“ಅದೇಯ, ಕುರುಕ್ಷೇತ್ರ.”